ಉದ್ಯಾನ ಸಲಹಾ ಸಮಿತಿ: ವಾರ್ಡಿಗೊಬ್ಬರು ಬೇಕೇ, ಒಂಬತ್ತು ಮಂದಿ ಸಾಕೇ?

ವಿಜಯಪುರ ಮಹಾನಗರ ಪಾಲಿಕೆಯಲ್ಲಿ 35 ವಾರ್ಡುಗಳಿವೆ. ಉದ್ಯಾನಗಳ ಬಗ್ಗೆ ಪಾಲಿಕೆಗೆ ಸಲಹೆ ನೀಡಲು ನಾಗರಿಕರ ಸ್ವಯಂಸೇವಾ ಸಮಿತಿಯೊಂದನ್ನು ರಚಿಸುವುದಾದರೆ ಅದು ಎಷ್ಟು ದೊಡ್ಡದಿರಬೇಕು, ಅದರ ಕೆಲಸವೇನು ಎಂಬುದು ಇಲ್ಲಿನ ಪ್ರಶ್ನೆ.

ಪರ: ಪ್ರತಿ ವಾರ್ಡಿನಿಂದ ಒಬ್ಬರು ಇರಲೇಬೇಕು

ವಿಜಯಪುರಕ್ಕೆ ಬಂದುಹೋಗುವವರು ಕಾಣುವ ಹಸಿರು ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾದ ಸುತ್ತಲಿನ ಹುಲ್ಲುಹಾಸು. ಅವೆರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆಡಳಿತಕ್ಕೆ ಸೇರಿವೆ. ಪಾಲಿಕೆಯ ಹೊಣೆಯಲ್ಲಿರುವುದು ಬಡಾವಣೆಗಳ ನಡುವೆ ಚದುರಿರುವ ಉದ್ಯಾನಗಳು ಮತ್ತು ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟಿದ್ದರೂ ಇನ್ನೂ ಬೇಲಿ ಕಾಣದ ಖಾಲಿ ಜಾಗಗಳು. ಮೊದಲು ಕೈತಪ್ಪುವುದು ಈ ಖಾಲಿ ಜಾಗಗಳೇ. ಇಂದು ಒಂದು ಮೂಲೆಯಲ್ಲಿ ಜಲ್ಲಿ ಬೀಳುತ್ತದೆ, ನಾಳೆ ತಗಡಿನ ಶೆಡ್ಡು ಏಳುತ್ತದೆ, ಮರುವರ್ಷ ಅದಕ್ಕೆ ವಿದ್ಯುತ್ ಸಂಪರ್ಕವೂ ಬರುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲು 1985ರ ರಾಜ್ಯ ಕಾಯ್ದೆಯೇ ಇದೆ. ಅದರಂತೆ ಇಂಥ ಜಾಗಗಳ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯಲ್ಲಿರುವ ಜಾಗವನ್ನು ಸರ್ಕಾರದ ಮಂಜೂರಾತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಆದರೆ ಆ ಪಟ್ಟಿ ನೆಲದ ಸ್ಥಿತಿಗೆ ಹೊಂದುತ್ತದೆಯೇ ಎಂದು ದಿನನಿತ್ಯ ನೋಡಬಲ್ಲವರು ಅದೇ ಓಣಿಯಲ್ಲಿ ವಾಸಿಸುವವರೇ ಹೊರತು ಕಚೇರಿಯಲ್ಲಿ ಕುಳಿತ ಒಂಬತ್ತು ತಜ್ಞರಲ್ಲ.

ನೀರಿನ ಮಾತೂ ಹೀಗೆಯೇ. ಮಳೆ ಕಡಿಮೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಮುಂಗಾರಿಗೆ ನೆಟ್ಟ ಸಸಿ ಉಳಿಯುವುದೋ ಒಣಗುವುದೋ ಎಂಬುದು ಮಾರ್ಚಿನಿಂದ ಮೇ ತಿಂಗಳವರೆಗಿನ ನೀರಿನ ಮೇಲೆ ನಿಂತಿದೆ. ಉದ್ಯಾನದ ಕೊಳವೆಬಾವಿಯ ಮೋಟರು ಸುಟ್ಟರೆ ಅದೇ ವಾರ ಪಾಲಿಕೆಗೆ ತಿಳಿಯಬೇಕು. ತಿಂಗಳ ನಂತರ ತಿಳಿದರೆ ಉಳಿಸಿಕೊಳ್ಳಲು ಗಿಡವೇ ಇರುವುದಿಲ್ಲ.

35 ಜನರ ಸಭೆ ಸಂತೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಇಡೀ ಸಮಿತಿ ವರ್ಷಕ್ಕೆ ಎರಡು ಬಾರಿ ಸೇರಿ, ಉಳಿದ ಕಾಲದಲ್ಲಿ ಅಕ್ಕಪಕ್ಕದ ಐದಾರು ವಾರ್ಡುಗಳ ಸದಸ್ಯರು ಗುಂಪಾಗಿ ಕೆಲಸ ಮಾಡಿದರೆ ಆ ತೊಡಕು ಬಹುಮಟ್ಟಿಗೆ ಕಳೆಯುತ್ತದೆ. ಚಿಕ್ಕ ಸಮಿತಿಯಾದರೆ ಅದರ ಸದಸ್ಯರು ಈಗಾಗಲೇ ಒಳ್ಳೆಯ ಉದ್ಯಾನವಿರುವ ಬಡಾವಣೆಗಳಿಂದಲೇ ಬರುತ್ತಾರೆ ಎಂಬುದು ನನ್ನ ದೊಡ್ಡ ಆತಂಕ. ಹಳೆ ಊರಿನ ಇಕ್ಕಟ್ಟಾದ ಗಲ್ಲಿಗಳಲ್ಲಿ ಮಕ್ಕಳಿಗೆ ಆಡಲು ಜಾಗವೇ ಇಲ್ಲ ಎಂಬುದನ್ನು ಆ ಸಭೆಯಲ್ಲಿ ಯಾರು ಹೇಳುತ್ತಾರೆ?

ವಿರೋಧ: ಒಂಬತ್ತು ಮಂದಿ ಸಾಕು, ಅಧಿಕಾರ ಸ್ಪಷ್ಟವಿರಲಿ

ವಾರ್ಡಿನ ದನಿ ಕೇಳಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಅದಕ್ಕೆ ಸಂವಿಧಾನವೇ ದಾರಿ ಮಾಡಿದೆ. 74ನೇ ತಿದ್ದುಪಡಿಯ ಮೂಲಕ ಬಂದ 243ಎಸ್ ವಿಧಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆನ್ನುತ್ತದೆ. 2011ರ ಜನಗಣತಿಯಲ್ಲಿಯೇ ವಿಜಯಪುರ ಆ ಗಡಿ ದಾಟಿದೆ. ಮುರಿದ ಜೋಕಾಲಿ, ಸುಟ್ಟ ಮೋಟರು, ಬೀಗ ಹಾಕಿದ ಗೇಟು, ಇವೆಲ್ಲ ಆ ವಾರ್ಡ್ ಸಮಿತಿಯ ಮುಂದೆ ಬರಬೇಕಾದ ವಿಷಯಗಳು. ಅದನ್ನು ಬಲಪಡಿಸುವ ಬದಲು ಶಾಸನದ ಬೆಂಬಲವಿಲ್ಲದ ಇನ್ನೊಂದು 35 ಜನರ ಕೂಟ ಕಟ್ಟಿದರೆ ದೂರು ಯಾರಿಗೆ ಕೊಡಬೇಕೆಂಬುದೇ ಜನರಿಗೆ ತಿಳಿಯದಂತಾಗುತ್ತದೆ.

ಒತ್ತುವರಿಯ ವಾದವಂತೂ ನನಗೆ ಅನ್ಯಾಯವೆನಿಸುತ್ತದೆ. ಉದ್ಯಾನದ ಗಡಿ ಅಳೆದು ಕಲ್ಲು ನೆಡುವುದು ಸರ್ವೇಯರರ ಕೆಲಸ. ಶೆಡ್ಡು ತೆರವುಗೊಳಿಸುವುದು ಪಾಲಿಕೆಯ ಕೆಲಸ. ಸಂಬಳವಿಲ್ಲದ, ರಕ್ಷಣೆಯಿಲ್ಲದ ಒಬ್ಬ ನಿವೃತ್ತ ಶಿಕ್ಷಕಿಯನ್ನು ತನ್ನದೇ ಓಣಿಯ ಒತ್ತುವರಿದಾರನ ಎದುರು ನಿಲ್ಲಿಸಿ, ಅದನ್ನು ಸ್ವಯಂಸೇವೆ ಎಂದು ಕರೆಯಬಾರದು.

ಇನ್ನು ವಾರ್ಡಿಗೊಬ್ಬರಂತೆ ಬಂದವರು ವಾರ್ಡಿಗೊಂದರಂತೆ ಕೇಳುವುದು ಸಹಜ. ಇದ್ದಷ್ಟು ಅನುದಾನ 35 ಪಾಲಾಗಿ, ಎಲ್ಲೆಡೆ ಒಂದೊಂದು ಕಮಾನು ಮತ್ತು ಪೇವರ್ ಹಾಸಿನ ದಾರಿ ಬರುತ್ತದೆ, ನೀರಿನ ವ್ಯವಸ್ಥೆ ಮಾತ್ರ ಎಲ್ಲಿಯೂ ಪೂರ್ತಿಯಾಗುವುದಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಇಡೀ ನಗರಕ್ಕೆ ಸಂಬಂಧಿಸಿದವು. ಕೃಷ್ಣಾ ನದಿಯಿಂದ ಎತ್ತಿ ತಂದು ಶುದ್ಧೀಕರಿಸಿದ ಕುಡಿಯುವ ನೀರನ್ನು ಹುಲ್ಲಿಗೆ ಹರಿಸಬೇಕೇ, ಸಂಸ್ಕರಿಸಿದ ಒಳಚರಂಡಿ ನೀರನ್ನು ಉದ್ಯಾನಗಳಿಗೆ ತಿರುಗಿಸಬಹುದೇ? ದಿನವೂ ನೀರು ಬೇಡುವ ಹುಲ್ಲುಹಾಸಿನ ಬದಲು ಬೇವು, ಹೊಂಗೆ, ಹುಣಸೆ, ಬನ್ನಿಯಂಥ ಈ ನೆಲದ ಮರಗಳ ನೆರಳನ್ನೇ ಉದ್ಯಾನವೆಂದು ಏಕೆ ಭಾವಿಸಬಾರದು? ಮೇಲಾಗಿ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇಷ್ಟೊಂದು ಸ್ಮಾರಕಗಳಿರುವ ಊರಿನಲ್ಲಿ ಉದ್ಯಾನಕ್ಕೆ ಕಟ್ಟಡವೊಂದನ್ನು ಸೇರಿಸುವ ಮುನ್ನ ಈ ನಿಯಮ ಬಲ್ಲವರು ನಕ್ಷೆಯನ್ನು ನೋಡಿರಬೇಕು. ಸಸ್ಯಗಳ ತಿಳಿವಳಿಕೆ ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯದಿಂದ ಸಿಗುತ್ತದೆ. ಅದರ ಜೊತೆಗೆ ನೀರಿನ ಎಂಜಿನಿಯರ್ ಒಬ್ಬರು, ಗಾಲಿಕುರ್ಚಿ ಬಳಸುವವರೊಬ್ಬರು, ಚಿಕ್ಕ ಮಕ್ಕಳ ತಾಯಂದಿರು, ಮತ್ತು ಪರ ವಾದಿಗಳ ಆತಂಕ ನ್ಯಾಯವಾದುದರಿಂದ ಹಳೆ ಊರಿನಿಂದ ಕಡ್ಡಾಯವಾಗಿ ಇಬ್ಬರು ಇರಲಿ.

ಸಂಖ್ಯೆಗಿಂತ ಮುಖ್ಯವಾದುದು ಸಲಹೆ ಕೇಳುವ ಹೊತ್ತು. ಟೆಂಡರ್ ಕರೆದ ಮೇಲೆ ಸಮಿತಿಯ ಅಭಿಪ್ರಾಯ ಪಡೆದು ಪ್ರಯೋಜನವಿಲ್ಲ. ಅಂದಾಜುಪಟ್ಟಿ ಸಿದ್ಧವಾದ ಕೂಡಲೇ ಅದು ಸಮಿತಿಯ ಮುಂದೆ ಬರಬೇಕು, ಸಮಿತಿಯ ಮಾತನ್ನು ಪಾಲಿಕೆ ಒಪ್ಪದಿದ್ದರೆ 30 ದಿನಗಳೊಳಗೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಆ ಬರಹ ಸಾರ್ವಜನಿಕರಿಗೂ ಸಿಗಬೇಕು. ಸದಸ್ಯರ ಅವಧಿ ಮೂರು ವರ್ಷ ಮೀರಬಾರದು. ಪಾಲಿಕೆಯ ಗುತ್ತಿಗೆದಾರರಿಗೆ, ಅವರ ಹತ್ತಿರದ ಸಂಬಂಧಿಕರಿಗೆ ಸಮಿತಿಯಲ್ಲಿ ಸ್ಥಾನವಿರಕೂಡದು.