ಹಕ್ಕಿ ಗುಂಪಿನ ಮೇಲೆ ಗಾಡಿ ನುಗ್ಗಿಸ್ಬೇಡಿ, ದಯವಿಟ್ಟು

ಕಾಫಿ ಕೆಲಸ ಮುಗಿದು, ಮೆಣಸೂ ಹೆಚ್ಚುಕಮ್ಮಿ ಕೊಯ್ದಾಗಿ, ಕಾಫಿ ಹೂ ಅರಳಿಸೋ ಹೂಮಳೆ ಒಂದ್ಸಲ ಬಂದು ಹೋಯ್ತು ಅಂದ್ರೆ ನಂಗೆ ಮನೇಲಿ ಕೂರೋಕಾಗಲ್ಲ. ಮಾರ್ಚ್ ಕೊನೆ, ಏಪ್ರಿಲ್ ಅಂದ್ರೆ ಚಳಿಗಾಲಕ್ಕೆ ಬಂದ ಕಡಲ ಹಕ್ಕಿಗಳು ವಾಪಸ್ ಹೊರಡೋ ಟೈಮ್. ಕೊಡಗಿನವ್ರಿಗೆ ಕಡಲ ಹಕ್ಕಿ ಯಾಕೆ ಅಂತ ತುಂಬ ಜನ ಕೇಳ್ತಾರೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದ್ರೆ ಕಣ್ಣೂರು ಕಡಲು ಎಷ್ಟು ದೂರ ಹೇಳಿ? ಬ್ರಹ್ಮಗಿರಿ ಕಡೆ ಬಿದ್ದ ಮಳೆನೀರು ಬರಪೊಳೆಯಾಗಿ ವಳಪಟ್ಟಣಂ ಹೊಳೆ ಸೇರಿ ಹೋಗೋದೂ ಅದೇ ಕಡಲಿಗೆ.

ಹೋದ ಭಾನುವಾರ ಅಣ್ಣನ ಮಗಳನ್ನ ಕರ್ಕೊಂಡು ಬೆಳಗಿನ ಜಾವ ನಾಲ್ಕಕ್ಕೇ ಹೊರಟೆ, ಕಣ್ಣೂರು-ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡ್ ಬೀಚಿಗೆ, ಮರಳ ಮೇಲೇ ಗಾಡಿ ಓಡಿಸ್ತಾರಲ್ಲ ಅಲ್ಲಿಗೆ. ನಮ್ಮ ಕರಾವಳೀಲಿ ಬೆಳಿಗ್ಗೆ ಹೋಗೋದೇ ಸರಿ, ಸೂರ್ಯ ಘಟ್ಟದ ಕಡೆಯಿಂದ ಅಂದ್ರೆ ನಮ್ಮ ಬೆನ್ನ ಹಿಂದಿಂದ ಬರ್ತಾನೆ, ಎದುರಿಗಿರೋ ಹಕ್ಕಿ ಮೇಲೆ ಪೂರ್ತಿ ಬೆಳಕು ಬೀಳುತ್ತೆ. ಮಧ್ಯಾಹ್ನದ ಮೇಲೆ ಎಲ್ಲಾ ಬರೀ ಕಪ್ಪು ನೆರಳು.

ಒದ್ದೆ ಮರಳಲ್ಲಿ ಗಲ್‌ಗಳು (ಕಡಲಕ್ಕಿ ಅಂತಾರಲ್ಲ ಅವು) ಒಂದೇ ದಿಕ್ಕಿಗೆ, ಗಾಳಿಗೆ ಮುಖ ಕೊಟ್ಟು ನಿಂತಿದ್ವು. ಬ್ರೌನ್ ಹೆಡೆಡ್ ಗಲ್‌ಗಳೇ ಜಾಸ್ತಿ. ಡಿಸೆಂಬರಲ್ಲಿ ಇದೇ ಹಕ್ಕಿಗೆ ತಲೆ ಬಿಳಿ, ಕಿವಿ ಹತ್ರ ಒಂದು ಮಸಿ ಗುರುತು, ಅಷ್ಟೇ. ಈಗ ಮುಖ ಪೂರ್ತಿ ಕಾಫಿಪುಡಿ ಬಣ್ಣ, ಕೆಲವಕ್ಕೆ ಅರ್ಧ ಮಾತ್ರ ಬಣ್ಣ ಬಂದು ಹಣೆ ಇನ್ನೂ ಬಿಳಿ ಬಿಳಿ. ಅಣ್ಣನ ಮಗಳು ಸ್ಕೋಪಲ್ಲಿ (ಸ್ಟ್ಯಾಂಡ್ ಮೇಲಿಡೋ ದುರ್ಬೀನು) ನೋಡಿ "ಚಿಕ್ಕಪ್ಪ, ಇವೆರಡೂ ಬೇರೆ ಬೇರೆ ಜಾತಿಯಾ?" ಅಂದ್ಳು. ಒಂದೇ ಮಗಾ, ಮರಿ ಮಾಡೋ ಕಾಲ ಬಂತಲ್ಲ ಅದಕ್ಕೆ ಗರಿ ಬದಲಾಯಿಸ್ತಿದೆ ಅಂದೆ. ಇವು ಮರಿ ಮಾಡೋದು ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ. ತ್ಸೋ ಮೊರಿರಿ ಸರೋವರ ಇರೋದೇ ಸುಮಾರು 4,500 ಮೀಟರ್ ಎತ್ತರದಲ್ಲಿ, ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳೇ 1,748. ಸಮುದ್ರಮಟ್ಟದಲ್ಲಿ ಮೀನು ತಿಂದ್ಕೊಂಡಿದ್ದ ಹಕ್ಕಿ ಇನ್ನು ಸ್ವಲ್ಪ ದಿನದಲ್ಲಿ ಅಷ್ಟು ಮೇಲೆ ಹೋಗಿ ಗೂಡು ಕಟ್ಟುತ್ತೆ ಅಂದ್ರೆ ಯೋಚನೆ ಮಾಡಿ.

ದೂರದಲ್ಲಿ, ಅಲೆ ಮೇಲೆ ಒಂದು ಸ್ಕುವಾ ಕೂಡ ಸಿಕ್ತು, ಬೇರೆ ಹಕ್ಕಿಗಳ ಮೀನು ಕಿತ್ಕೊಳ್ಳೋ ಕಡಲ ಹಕ್ಕಿ ಅದು, ಅದರಲ್ಲೂ ಪೊಮರೈನ್ ಅನ್ನೋ ಜಾತಿ. ಬಾಲದ ನಡುವಿನ ಎರಡು ಗರಿ ತಿರುಚಿದ ಚಮಚದ ಥರ, ಅದು ಕಂಡ್ರೆ ಆಮೇಲೆ ಅನುಮಾನವೇ ಬೇಡ. ಅದು ಒಂದು ಟರ್ನ್ (ನಾವು ರೀವ ಅಂತೀವಲ್ಲ, ಆ ಮೀನು ಹಿಡಿಯೋ ಹಕ್ಕಿ) ಹಿಂದೆ ಬಿದ್ದು, ಎಡಕ್ಕೆ ಬಲಕ್ಕೆ ಅಟ್ಟಿಸ್ಕೊಂಡು ಹೋಗಿ, ಕೊನೆಗೆ ರೀವ ಬಾಯಲ್ಲಿದ್ದ ಮೀನು ಬಿಟ್ಟು ಓಡಿಹೋಯ್ತು. ಸ್ಕುವಾ ಹೋಗ್ಬೇಕಾಗಿರೋದು ಉತ್ತರ ಧ್ರುವದ ಹತ್ರದ ಬಯಲಿಗೆ.

ಅಷ್ಟರಲ್ಲಿ ಒಂದು ಗಾಡಿ ಸೀದಾ ಗಲ್ ಗುಂಪಿನ ಮೇಲೇ ಬಂತು, ಹಕ್ಕಿ ಎಲ್ಲಾ ಒಟ್ಟಿಗೆ ಎದ್ವು, ಸನ್‌ರೂಫಿಂದ ಒಬ್ಬ ಫೋನ್ ಹಿಡಿದು ರೀಲ್ ಮಾಡ್ತಿದ್ದ. ನಂಬರ್ ಪ್ಲೇಟ್ ಕೆಎ 12, ಕೊಡಗಿಂದು. ನಮ್ಮೋರೇ. ಹಕ್ಕಿ ಮತ್ತೆ ಕೂತ್ವು, ಗಾಡಿ ತಿರುಗಿ ಮತ್ತೆ ಬಂತು. ಅವ್ರು ಹೋದ್ಮೇಲೆ ಇನ್ನೊಂದು, ಆಮೇಲೆ ಬೈಕ್‌ಗಳು. ಒಂದೂವರೆ ಗಂಟೇಲಿ ಆ ಗುಂಪು 11 ಸಲ ಎದ್ದಿದೆ, ಕೂತ್ಕೊಂಡು ಎಣಿಸಿದ್ದೀನಿ. ಹೊಟ್ಟೆ ಉರಿದುಹೋಯ್ತು.

ಸುಮ್ನೆ ಹಾರಿದ್ರೆ ಏನಾಯ್ತು ಅಂತೀರಾ? ಈ ಟೈಮಲ್ಲಿ ಅವು ತಿಂದು ತಿಂದು ಮೈಯಲ್ಲಿ ಕೊಬ್ಬು ಕೂಡಿಸ್ತಿರ್ತವೆ, ದಾರಿಗೆ ಅದೇ ಪೆಟ್ರೋಲ್. ಒಂದೊಂದ್ಸಲ ಎದ್ದಾಗ್ಲೂ ಅದರಲ್ಲಿ ಸ್ವಲ್ಪ ಖರ್ಚು, ತಿನ್ನೋ ಟೈಮೂ ಹೋಯ್ತು. ಗಲ್ ಹೇಗೋ ಸುಧಾರಿಸ್ಕೊಳ್ಳುತ್ತೆ, ಪಕ್ಕದಲ್ಲೇ ಓಡಾಡ್ತಿರೋ ಮುಷ್ಟಿಯಷ್ಟು ಗಾತ್ರದ ಸ್ಯಾಂಡ್ ಪ್ಲೋವರ್ ಅನ್ನೋ ದಡದ ಹಕ್ಕಿಗಳ ಕಥೆ ಏನು? ಅವೂ ಹಿಮಾಲಯ ದಾಟ್ಬೇಕು.

ಬೀಚಲ್ಲಿ ಗಾಡಿ ಓಡಿಸೋದನ್ನೇ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಅಲ್ಲಿ ಚಾಯ್ ಅಂಗಡಿಯವ್ರ ಹೊಟ್ಟೆಪಾಡು ಅದರಲ್ಲೇ ಇದೆ. ಸುಮಾರು 4 ಕಿಲೋಮೀಟರ್ ಮರಳಿದೆ ಮಾರಾಯ್ರೇ, ಗುಂಪು ಕೂತಿರೋದು ಒಂದು ಮೂಲೇಲಿ. ಸುತ್ತು ಹಾಕ್ಕೊಂಡು ಹೋಗಿ. ದೂರದಲ್ಲೇ ಗಾಡಿ ಆಫ್ ಮಾಡಿ ಸುಮ್ನೆ ಕೂತ್ರೆ ಹಕ್ಕಿಗಳೇ ನಡ್ಕೊಂಡು ಹತ್ರ ಬರ್ತವೆ, ನಿಮ್ಗೆ ಫೋಟೋನೂ ಚೆನ್ನಾಗಿ ಸಿಗುತ್ತೆ.

ಬರೋ ಭಾನುವಾರ ಮತ್ತೆ ಹೋಗ್ತಿದ್ದೀನಿ, ವಿರಾಜಪೇಟೆಯಿಂದ ಬೆಳಗಿನ ಜಾವ ನಾಲ್ಕಕ್ಕೆ. ಕಾರಲ್ಲಿ ಇನ್ನೂ ಎರಡು ಸೀಟ್ ಇದೆ, ಸ್ಕೋಪ್ ನಂದೇ ಇದೆ, ಒಂದು ಟೋಪಿ ತನ್ನಿ ಸಾಕು. ಮಕ್ಕಳಿದ್ರೆ ಅವ್ರಿಗೇ ಮೊದ್ಲು ಸೀಟ್.