ಮೈಕೆಲ್ ಕರ್ಟಿಜ್ ಹಿಟ್ಲರ್‌ಗೆ ಹೆದರಿ ಹಾಲಿವುಡ್‌ಗೆ ಬಂದವರಲ್ಲ

ಹಾಲಿವುಡ್ ಚಿತ್ರ 'ಕಾಸಾಬ್ಲಾಂಕಾ'ದ ನಿರ್ದೇಶಕ ಮೈಕೆಲ್ ಕರ್ಟಿಜ್ ಬಗ್ಗೆ ಒಂದು ಮಾತು ಹರಿದಾಡುತ್ತಿದೆ. ಅವರು ಹಿಟ್ಲರ್ ಕಾಟಕ್ಕೆ ಅಮೆರಿಕಕ್ಕೆ ಓಡಿಬಂದರು, ಅಲ್ಲೇ ಸಿನಿಮಾ ಕಲಿತರು ಅಂತ. ಇದು ತಪ್ಪು.

ಅವರು ಹಾಲಿವುಡ್‌ಗೆ ಬಂದದ್ದು 1926ರಲ್ಲಿ. ಹಿಟ್ಲರ್ ಅಧಿಕಾರಕ್ಕೆ ಏರಿದ್ದು 1933ರಲ್ಲಿ. 'ಕಾಸಾಬ್ಲಾಂಕಾ' ಚಿತ್ರದ ತುಂಬ ನಾಜಿಗಳಿಂದ ತಪ್ಪಿಸಿಕೊಂಡ ನಿರಾಶ್ರಿತರೇ ಇದ್ದಾರೆ, ಅದಕ್ಕೇ ಜನ ಹೀಗೆ ಅಂದುಕೊಂಡಿರಬಹುದು.

ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಅವರು ಅಲ್ಲಿ ಮಿಹಾಯ್ ಕೆರ್ಟೆಸ್ ಎಂದೇ ಹೆಸರಾಗಿದ್ದರು. 1912ರಿಂದಲೇ ಹಂಗೇರಿಯಲ್ಲಿ ಚಿತ್ರ ನಿರ್ದೇಶಿಸುತ್ತಿದ್ದರು. 1919ರಲ್ಲಿ ಕಮ್ಯುನಿಸ್ಟ್ ಸರ್ಕಾರ ಚಿತ್ರೋದ್ಯಮವನ್ನು ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಅವರು ದೇಶ ಬಿಟ್ಟು ಆಸ್ಟ್ರಿಯಾದ ವಿಯೆನ್ನಾ ಸೇರಿದರು. ಅಲ್ಲಿ ಸಾಶಾ ಫಿಲ್ಮ್ ಕಂಪನಿಗೆ ದೊಡ್ಡ ದೊಡ್ಡ ಮೂಕಿ ಚಿತ್ರ ಮಾಡಿದರು. 1922ರ 'ಸೋಡೋಮ್ ಉಂಡ್ ಗೊಮೋರಾ'ದಲ್ಲಿ ಗುಂಪಿನ ದೃಶ್ಯಗಳಿಗೆ ಸಾವಿರಾರು ನಟರಿದ್ದರು! ಆಮೇಲೆ 1924ರಲ್ಲಿ ಬೈಬಲ್ ಕಾಲದ ಈಜಿಪ್ಟ್ ಕಥೆಯೊಂದನ್ನು ತೆರೆಗೆ ತಂದರು. ಅದು ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಕಂಪನಿಯ ಕಣ್ಣಿಗೆ ಬಿತ್ತು, ಕಂಪನಿಯವರೇ ಕರ್ಟಿಜ್‌ರನ್ನು ಕರೆಸಿಕೊಂಡರು.

ಅಂದರೆ ಹಡಗಿನಿಂದ ಇಳಿದಾಗ ಅವರು ಹೊಸಬರಾಗಿರಲಿಲ್ಲ. ಹದಿನಾಲ್ಕು ವರ್ಷ ಪಳಗಿದ ಕೈ ಅದು, ಅಲ್ವಾ? ನಟ ಎರ್ರಾಲ್ ಫ್ಲಿನ್‌ರನ್ನು ತಾರೆ ಮಾಡಿದ ಕರ್ಟಿಜ್‌ರ 'ಕ್ಯಾಪ್ಟನ್ ಬ್ಲಡ್' ಬಂದದ್ದು 1935ರಲ್ಲಿ. ಆ ಹೊತ್ತಿಗೆ ಅವರು ಕನಿಷ್ಠ ಮೂರು ದೇಶಗಳಲ್ಲಿ ಕೆಲಸ ಮಾಡಿದ್ದರು. ಹಂಗೇರಿ, ಆಸ್ಟ್ರಿಯಾದ ಆ ವರ್ಷಗಳನ್ನು ಅಳಿಸಿ ಹಾಕುವುದು ಅವರಿಗೆ ಮಾಡುವ ಅನ್ಯಾಯ.