ಅಟ್ಟದ ಮೇಲಿನ ರಾಜಾರಾಮ

ಹಳೆಯ ಮನೆಯೊಂದು ಕಣ್ಣಿಗೆ ಬಿದ್ದರೆ ಸುಮ್ಮನಿರಲಾರದವರು ಎರಡು ಬಗೆ. ಒಂದು ಬಗೆಯವರು ಅದರ ಕಂಬ, ಬಾಗಿಲುಗಳನ್ನು ಕಿತ್ತು ಪೇಟೆಯ ಹೋಟೆಲುಗಳಿಗೆ ಮಾರುತ್ತಾರೆ. ಇನ್ನೊಂದು ಬಗೆಯವರು ಅದರೊಳಗೆ ಇತಿಹಾಸ ನಡೆಸುತ್ತಾರೆ. ಸಾಗರದ ಕಡೆಯ ನಮ್ಮೂರಿನ ದೊಡ್ಡಮನೆ ಮೊದಲಿನವರ ಕೈಯಿಂದ ಹೇಗೋ ತಪ್ಪಿಸಿಕೊಂಡಿತ್ತು. ಎರಡನೆಯವರ ಪೈಕಿಯ ನಮ್ಮ ನಿವೃತ್ತ ಇತಿಹಾಸ ಮೇಷ್ಟರಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಮೇಷ್ಟರು ಆರಿಸಿದ ಪ್ರಸಂಗವೇನೋ ಒಳ್ಳೆಯದೇ. 1689ರಲ್ಲಿ ಔರಂಗಜೇಬ ಮರಾಠ ದೊರೆ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಸಂಭಾಜಿಯ ತಮ್ಮ ರಾಜಾರಾಮ ದೂರದ ಜಿಂಜಿ ಕೋಟೆಯ ದಾರಿ ಹಿಡಿದ. ವೇಷ ಮರೆಸಿಕೊಂಡು ಬಂದ ಅವನಿಗೆ ನಡುವೆ ಆಸರೆ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಮೊಗಲರು ವಿಚಾರಿಸಿದಾಗ, ಅವನು ನಮ್ಮ ಸೀಮೆ ದಾಟಿ ಹೋಗಿಯಾಯಿತು ಎಂದು ಉತ್ತರ ಕೊಟ್ಟಳಂತೆ. ಅವರ ಸೈನ್ಯ ಅವಳ ರಾಜಧಾನಿ ಬಿದನೂರಿನ ಮೇಲೆ ಬಂದರೂ ಬಗ್ಗಲಿಲ್ಲ. ಗುಟ್ಟು ಕಾಯುವುದೇ ಈ ಕಥೆಯ ಜೀವಾಳ. ಅದನ್ನು ಆಡಲು ನಾವು ಆರಿಸಿಕೊಂಡದ್ದೋ, ಹಿತ್ತಿಲಲ್ಲಿ ಕೆಮ್ಮಿದರೆ ಜಗಲಿಯಲ್ಲಿ ಕಷಾಯ ಸಿದ್ಧವಾಗುವಂಥ ತೊಟ್ಟಿಮನೆಯನ್ನು.

ಎಲ್ಲವೂ ಅಂದಿನಂತೆಯೇ ಇರಬೇಕೆಂಬುದು ಮೇಷ್ಟರ ಹಟ. ಕೈಗಡಿಯಾರ, ಕನ್ನಡಕ ನಿಷಿದ್ಧ. ದೀವಟಿಗೆಗೆ ಸೀಮೆಎಣ್ಣೆ ಕೂಡದು, ಹರಳೆಣ್ಣೆಯೇ ಆಗಬೇಕು. ಅಡುಗೆ ಭಟ್ಟರಿಗೆ ಟೊಮೆಟೊ, ಬಟಾಟೆಗಳನ್ನು ಮುಟ್ಟದಂತೆ ಅಪ್ಪಣೆಯಾಯಿತು. ಮೆಣಸಿನಕಾಯಿಯನ್ನು ಪೋರ್ಚುಗೀಸರು ತಂದದ್ದಲ್ಲವೇ, ಅವರೊಡನೆ ಕೆಳದಿಯವರಿಗೆ ವ್ಯಾಪಾರವಿತ್ತಲ್ಲವೇ ಎಂದು ಭಟ್ಟರ ಪರವಾಗಿ ಯಾರೋ ವಾದಿಸಿದ್ದರಿಂದ ಮೆಣಸಿನಕಾಯಿಯ ಪ್ರಾಣ ಉಳಿಯಿತು. ಅಷ್ಟರಲ್ಲಿ ಮಂಗಳೂರಿನಿಂದ ಬಂದಿದ್ದ ದೊಡ್ಡಮನೆಯ ಅಳಿಯ ತಲೆಯೆತ್ತಿ ನೋಡಿ, "ಮೇಷ್ಟರೇ, ಈ ಮಾಡಿನದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದದ್ದೇ 1865ರಲ್ಲಿ" ಎಂದ. ಮೇಷ್ಟರು ಬಹಳ ಹೊತ್ತು ಮಾಡನ್ನೇ ದಿಟ್ಟಿಸಿದರು. ಆ ನೋಟ ಕಂಡು ಮನೆಯ ಯಜಮಾನರ ಮುಖ ಬಿಳಿಚಿಕೊಂಡಿತು. ಕೊನೆಗೆ, ರಾತ್ರಿಯ ಕತ್ತಲೆಯಲ್ಲಿ ಹೆಂಚು ಕಾಣಿಸುವುದಿಲ್ಲ ಎಂದು ಅಳಿಯನೇ ಸಮಾಧಾನ ಹೇಳಬೇಕಾಯಿತು.

ಪಾತ್ರ ಹಂಚಿಕೆಯಲ್ಲಿ ಮಾತ್ರ ಈ ಕಟ್ಟುನಿಟ್ಟು ಸಡಿಲವಾಯಿತು. ರಾಜಾರಾಮ ಹುಟ್ಟಿದ್ದು 1670ರಲ್ಲಿ. ಆಸರೆ ಬೇಡಿ ಬಂದಾಗ ಹತ್ತೊಂಬತ್ತರ ಹುಡುಗ. ನಮ್ಮ ರಾಜಾರಾಮನಿಗೆ ಆ ವಯಸ್ಸಿನ ಮಗನಿದ್ದ. ಆದರೆ ಊಟದ ಖರ್ಚು ಪೂರ್ತಿ ವಹಿಸಿಕೊಂಡವರಿಗೆ ವಯಸ್ಸು ಕೇಳುವುದು ಹೇಗೆ? ಚೆನ್ನಮ್ಮನ ದತ್ತುಪುತ್ರ ಬಸಪ್ಪ ನಾಯಕ, ಅಂದರೆ ಮುಂದೆ ಸಂಸ್ಕೃತದಲ್ಲಿ ವಿಶ್ವಕೋಶದಂಥ ಗ್ರಂಥ ಬರೆದವನು, ನಮ್ಮಲ್ಲಿ ಎಂಟನೆಯ ತರಗತಿಯ ಹುಡುಗ. ಮೊಬೈಲ್ ಕಿತ್ತುಕೊಂಡರೆಂದು ಮೂರು ದೃಶ್ಯಗಳಲ್ಲೂ ಮುನಿಸಿಕೊಂಡೇ ಕುಳಿತಿದ್ದ. ನಾನು ಔರಂಗಜೇಬನ ದೂತ. ಗೋಂದು ಹಚ್ಚಿ ಅಂಟಿಸಿದ್ದ ಗಡ್ಡ ಬೆವರಿಗೆ ಸಡಿಲವಾಗಿ, ಮಾತಿಗೊಮ್ಮೆ ಎಡಗಡೆಯಿಂದ ಏಳುತ್ತಿತ್ತು.

ಉದ್ಘಾಟನೆಗೆ ಬಂದ ಅತಿಥಿಗಳು ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೇಗೆ ಹೋರಾಡಿದಳೆಂದು ಕಂಬನಿ ಬರುವಂತೆ ಮಾತನಾಡಿದರು. ಅದು ಕಿತ್ತೂರಿನ ಚೆನ್ನಮ್ಮ, ಇಸವಿ 1824 ಎಂದು ಮೇಷ್ಟರು ಚೀಟಿ ಬರೆದು ಕಳುಹಿಸಿದರು. ಸಮಯ ಮೀರಿತೆಂಬ ಸೂಚನೆಯಿರಬೇಕೆಂದುಕೊಂಡು ಅವರು ಚೀಟಿಯನ್ನು ಓದದೆ ಜೇಬಿಗಿಳಿಸಿ, ಇನ್ನೂ ಆವೇಶದಿಂದ ಮುಂದುವರಿದರು. ಇದರ ಪರಿಣಾಮ ಕೊನೆಯವರೆಗೂ ಉಳಿಯಿತು. ನಮ್ಮ ಚೆನ್ನಮ್ಮ ಬಾಯಿ ತೆರೆದಾಗಲೆಲ್ಲ ಹಿಂದಿನ ಸಾಲಿನಿಂದ ಒಬ್ಬರು, "ಕಪ್ಪದ ಮಾತು ಯಾವಾಗ ಬರುತ್ತದೆ?" ಎಂದು ಕೇಳುತ್ತಿದ್ದರು.

ಮೊಗಲ್ ಸೈನ್ಯದ ವೇಷಗಳು ಊರಿನ ಯಕ್ಷಗಾನ ಮೇಳದಿಂದ ಎರವಲು ಬಂದಿದ್ದವು, ಸೈನಿಕರೂ ಮೇಳದವರೇ. ಹುಡುಗರು ಸಾಧಾರಣವಾಗಿ ನಡೆದು ಬರಬೇಕೆಂದು ಮೇಷ್ಟರು ಬಾರಿಬಾರಿಗೂ ಹೇಳಿದ್ದರು. ಆದರೆ ಮೂಲೆಯಲ್ಲಿದ್ದ ಚಂಡೆಯವರಿಗೆ ಕೈ ತಡೆಯಲಿಲ್ಲ. ಚಂಡೆ ಗುಡುಗಿದ್ದೇ ತಡ, ಆಲಂಗೀರನ ಸೈನ್ಯ ಅಂಗಳದಲ್ಲಿ ಗಿರಕಿ ಹೊಡೆಯತೊಡಗಿತು. ಸಂಜೆಯಲ್ಲೇ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಆಗ. ನನಗೂ ಅದೇ ಹೆಚ್ಚು ಹಿಡಿಸಿತು. ಮೇಷ್ಟರ ಎದುರು ಮಾತ್ರ ಇದನ್ನು ಆಡಲಾರೆ.

ಆಮೇಲೆ ನನ್ನ ಸರದಿ. ನಡುಮನೆಯ ಬಾಗಿಲು ಹಳೆಯ ಕಾಲದ್ದು, ಎದೆಯೆತ್ತರಕ್ಕಿಂತ ತುಸು ಹೆಚ್ಚು. ದಿಲ್ಲಿಯ ಗತ್ತಿನಿಂದ ಪ್ರವೇಶಿಸಬೇಕಿದ್ದವನು ನೆಲ ನೋಡುತ್ತ ಒಳಗೆ ಬಂದೆ. ಒಳಗೆ ಹರಳೆಣ್ಣೆಯ ಹೊಗೆ. ರಾಣಿ ಎಲ್ಲಿದ್ದಾಳೆಂದು ತಿಳಿಯದೆ ಅಂದಾಜಿನಿಂದ ಎದುರಿಗಿದ್ದ ಸೀರೆಗೆ ಸಲಾಮು ಮಾಡಿ, "ಬಾದಶಹರ ಶತ್ರು ರಾಜಾರಾಮ ನಿಮ್ಮಲ್ಲಿ ಅಡಗಿದ್ದಾನೆಯೇ? ನಿಜ ಹೇಳಿ!" ಎಂದು ಗರ್ಜಿಸಿದೆ.

ಆ ಸೀರೆ ರಾಣಿಯದಲ್ಲ. ಯಜಮಾನರ ತಾಯಿ, ತೊಂಬತ್ತು ದಾಟಿದ ಅಜ್ಜಿ, ತಮ್ಮ ಎಂದಿನ ಮಣೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಮನೆಗೆ ಬಂದವರು ಯಾರನ್ನಾದರೂ ಕೇಳಿದರೆ ತಕ್ಕ ಉತ್ತರ ಕೊಟ್ಟು ಅಭ್ಯಾಸವಿದ್ದವರು.

"ಇದ್ದಾನಲ್ಲ ಮಾಣಿ, ಆಗಲೇ ಅಟ್ಟ ಹತ್ತಿದ. ಕರೆಯಲೇ?" ಎಂದರು.

ಹೊಗೆಯಾಚೆಯಿಂದ ಚೆನ್ನಮ್ಮ, "ಅವನು ನಮ್ಮ ಸೀಮೆ ದಾಟಿ ಹೋದ!" ಎಂದು ಕೂಗಿದಳು.

"ಎಲ್ಲಿಗೆ ಹೋಗುತ್ತಾನೆ? ಇಳಿಯುವ ಏಣಿ ಇದೊಂದೇ" ಎಂದರು ಅಜ್ಜಿ.

ಈಗ ಮರಾಠ ರಾಜ್ಯದ ಭವಿಷ್ಯ ನನ್ನ ಕೈಯಲ್ಲಿತ್ತು. ಔರಂಗಜೇಬನ ಉಪ್ಪು ತಿಂದವನಾದರೂ ರಾಜಾರಾಮನನ್ನು ಉಳಿಸಬೇಕಾದ ಸಂಕಟ. "ನಮ್ಮ ಕಣ್ಣಿಗೆ ಯಾರೂ ಕಾಣಿಸುತ್ತಿಲ್ಲ" ಎಂದು ಗಡ್ಡ ಒತ್ತಿ ಹಿಡಿದು ಘೋಷಿಸಿದೆ. ಅಜ್ಜಿಗೆ ನನ್ನ ಮೇಲೆ ಕನಿಕರ ಹುಟ್ಟಿತು. "ಪಾಪ, ಕಣ್ಣು ಮಂಜಾಗಿದೆ. ಮೊಬೈಲ್ ಬೆಳಕು ಬಿಡೋ" ಎಂದು ಮೊಮ್ಮಗನಿಗೆ ಹೇಳಿದರು. ಮೊಮ್ಮಗ ಅಂದರೆ ಅದೇ ಬಸಪ್ಪ ನಾಯಕ. ಸಂಜೆಯಿಂದ ಅವನ ಮುಖ ಅರಳಿದ್ದು ಆಗಲೇ. ಮೊಬೈಲ್ ಎಲ್ಲಿಂದ ತೆಗೆದನೋ, ಒಂದು ಕ್ಷಣದಲ್ಲಿ ಬೆಳಕು ಅಟ್ಟಕ್ಕೆ ಹಾಯಿತು. ಅಡಿಕೆ ಮೂಟೆಗಳ ನಡುವೆ ಛತ್ರಪತಿಗಳು ನಿಷಿದ್ಧ ಕನ್ನಡಕ ಏರಿಸಿಕೊಂಡು, ತಾವು ಮುಂದೆ ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಓದಿಕೊಳ್ಳುತ್ತಿದ್ದರು. ಬೆಳಕಿಗೆ ಬೆಚ್ಚಿ ಎದ್ದರು. ತಲೆ ತೊಲೆಗೆ ತಾಗಿತು. ಶತಮಾನದ ಧೂಳು ಇಳಿದು ನಾವೆಲ್ಲ, ಹಿಂದೂ ಮುಸಲ್ಮಾನರೆನ್ನದೆ, ಒಟ್ಟಿಗೆ ಸೀನಿದೆವು. ನನ್ನ ಗಡ್ಡ ಅಜ್ಜಿಯ ಹರಿವಾಣದಲ್ಲಿ, ಅಡಿಕೆ ಹೋಳುಗಳ ಪಕ್ಕದಲ್ಲಿ ಹೋಗಿ ಬಿತ್ತು.

"ಮಾಣಿ, ಗಡ್ಡ ತೆಗೆದರೆ ನೀನು ನಮ್ಮ ಶಾನುಭೋಗರ ಮನೆಯವನ ಹಾಗೆಯೇ ಕಾಣುತ್ತೀಯಲ್ಲ" ಎಂದು ಅಜ್ಜಿ ನನ್ನನ್ನು ಗುರುತಿಸಿ, "ಯುದ್ಧ ಗಿದ್ಧ ಆಮೇಲೆ. ಎಲೆ ಹಾಕಿದ್ದಾರೆ, ಕೈಕಾಲು ತೊಳೆದುಕೊಂಡು ಬನ್ನಿ" ಎಂದರು. ಮೊಗಲ್ ಸೈನ್ಯ ಅಷ್ಟನ್ನೇ ಕಾಯುತ್ತಿತ್ತು. ನಿಜವಾದ ಬಿದನೂರಿನ ಯುದ್ಧವೂ ಕೊನೆಗೆ ಒಪ್ಪಂದದಲ್ಲೇ ಮುಗಿದದ್ದರಿಂದ ಮೇಷ್ಟರಿಗೆ ಆಕ್ಷೇಪಿಸಲು ಹೆಚ್ಚು ಉಳಿಯಲಿಲ್ಲ. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡ ರಾಜಾರಾಮನ ಬಲಕ್ಕೆ ನಾನು, ಎಡಕ್ಕೆ ನನ್ನ ಸರದಾರ. ಸಾರಿನಲ್ಲಿ ಟೊಮೆಟೊ ಇತ್ತು. ಯಾರೂ ಮಾತೆತ್ತಲಿಲ್ಲ, ಮೇಷ್ಟರು ಎರಡು ಸಲ ಬಡಿಸಿಕೊಂಡರು.

ಕೈ ತೊಳೆಯುವಾಗ ಅವರ ಉತ್ಸಾಹ ಮರಳಿತು. ಮುಂದಿನ ವರ್ಷ 1763, ಹೈದರಾಲಿ ಬಿದನೂರನ್ನು ಗೆದ್ದ ಪ್ರಸಂಗ, ಇದೇ ಮನೆಯಲ್ಲಿ ಎಂದರು. ರಾಣಿ ವೀರಮ್ಮಾಜಿ ಕೋಟೆ ಬಿಡುವ ಮುನ್ನ ಅರಮನೆಗೆ ಬೆಂಕಿ ಇಡಿಸಿದಳೆಂದು ಹೇಳುತ್ತಾರೆ, ದೃಶ್ಯ ಬಹಳ ಕಳೆಕಟ್ಟುತ್ತದೆ ಎಂದೂ ಸೇರಿಸಿದರು. ದೊಡ್ಡಮನೆಯ ಯಜಮಾನರು ಚೊಂಬು ಕೆಳಗಿಟ್ಟು, "ಮುಂದಿನ ವರ್ಷ ನಿಮ್ಮ ಮನೆಯಲ್ಲಿಯೇ ಮಾಡೋಣ ಮೇಷ್ಟರೇ, ಖರ್ಚು ನನ್ನದು" ಎಂದರು.